ಮೂರನೆಯವ

ಕಬ್ಬಿನ ಹಂಗಾಮು ಸುರುವಾಗಿ ನಾಕು ದಿನಕ್ಕ
ಹುಚ್ಚೇಶ ಬಾದವಾಡಗಿ ಬಂದು ಕಟ್ಟಿಗೆ ಕುಂತ,
ಚೀಲದಾಗಿಂದ ಹಾಳಿ ತಗದ.
"ಅಕ್ಕಾರ, ಫುಲ್ ಕವರ್ ಮಾಡಿಬಿಡ್ರಿ,
ಚಿಂತೀನ ಇಲ್ಲ."

ಒಳಗ ನಮ್ಮತ್ತಿ ಸತ್ತೆವ್ವ ಕೌದಿ ಹೊಲಿತಿದ್ದಳು,
ಸೂಜಿ ನಿಲ್ಲಿಸಿ ಕೇಳಿದಳು:
"ಫುಲ್ ಅಂದ್ರ ಕಾಲೂ ಮುಚ್ಚತಾವೇನ?"

ಹುಚ್ಚೇಶ ನಕ್ಕ. ನಾ ನಗಲಿಲ್ಲ.
ಹನ್ನೊಂದು ವರ್ಷಾತು ಲೋಕಾಪುರದಾಗ ನರ್ಸಮ್ಮ ಆಗಿ,
ಗುಳಿಗಿ ಡಬ್ಬಿಯೊಳಗಿನ ಚೀಟಿ ಬಿಚ್ಚಿ
ಸಣ್ಣಕ್ಷರ ಮೊದಲು ಓದೂದು ನನ್ನ ಕೈಯ ರೂಢಿ.

ಚಸ್ಮಾ ಹಾಕ್ಕೊಂಡೆ.
ಟೈರು, ಟ್ಯೂಬು, ಪ್ಲಾಸ್ಟಿಕ್ಕು: ಅರ್ಧಾ ನಿಮ್ದು.
ರಿಪೇರಿಯ ಮೊದಲ ಸಾವಿರ: ನಿಮ್ದು.
ಹಳ್ಳದ ನೀರಾಗ ಚಾವಿ ತಿರುವಿ ಇಂಜಿನ್ ಕೆಟ್ರ: ನಿಮ್ದು.
ಕುಡದು ಹೊಡದ್ರ, ಲೈಸೆನ್ಸ್ ಇಲ್ಲದವಗ ಕೊಟ್ರ,
ಬಾಡಿಗಿ ಮಂದೀನ ಹೇರಿದ್ರ,
ಅದೂ ನಿಮ್ದು.
"ಇದರಾಗ ಫುಲ್ ಎಲ್ಲೈತೋ ತಮ್ಮಾ?"
"ಅದು ಮಂದಿ ಇಟ್ಟ ಹೆಸರ್ರೀ ಅಕ್ಕಾರ,
ಹಾಳ್ಯಾಗ ಆ ಶಬ್ದ ಇಲ್ಲ."
ಹುಡುಗ ಖರೇ ಹೇಳಿದ.
ಚಾ ಕೊಟ್ಟೆ.

ಗಾಡಿ ಕಿಮ್ಮತ್ತು ಅಂತ ಒಂದು ಅಂಕಿ ಬರದಿದ್ದ.
ಒಂದು ಲಕ್ಷ ನಲವತ್ತು ಸಾವಿರ.
ಹ್ವಾದ ವರ್ಷ ಒಂದು ಅರವತ್ತೈದಿತ್ತು.
"ಅಂಗಳದಾಗ ನಿಂತ ಗಾಡಿ, ಇಪ್ಪತ್ತೈದು ಸಾವಿರ
ಯಾರು ತಿಂದ್ರೋ?"
"ಸವಕಳಿರೀ."
ಸತ್ತೆವ್ವ ಕೌದಿ ಎತ್ತಿ ಬೆಳಕಿಗೆ ಹಿಡದಳು.
ನನ್ನ ಬಾಣಂತನದ ಸೀರಿ, ಮಾವನ ಧೋತರದ ಅಂಚು,
ಯಾರದೋ ಶಾಲಿ ಅಂಗಿ.
"ನಮ್ಮ ಕಡೆ ಸವದಷ್ಟೂ ಮೆತ್ತಗಾಗ್ತೈತಿ,"
ಅಂದು ಹಲ್ಲಿನಿಂದ ದಾರ ಕಡದಳು.

ಇನ್ನೊಂದು ಹಾಳಿ ತೆಳ್ಳಗಿತ್ತು, ಅಗ್ಗ ಇತ್ತು.
ಥರ್ಡ್ ಪಾರ್ಟಿ. ಕಾಯ್ದೆ. ಬಿಡಾಕ ಬರೂದಿಲ್ಲ.
"ಮೊದಲನೆಯವಳು ನಾ, ಎರಡನೆಯದು ಕಂಪನಿ,
ಈ ಮೂರನೆಯವ ಯಾರೋ?"
"ನೀವು ಹಾಯೂ ಮನಿಷ್ಯಾರೀ."

ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.
ಎಂಟು ವರ್ಷದಿಂದ ರೊಕ್ಕ ಕಟ್ಟೀನಿ
ಹೆಸರು ಗೊತ್ತಿಲ್ಲದವನ ಸಲುವಾಗಿ.
ಅವ ಈಗ ಉಂಡಿರಬೇಕು,
ಟ್ರ್ಯಾಕ್ಟರ್ ಕೆಳಗ ಮಲಗಿರಬೇಕು,
ನನ್ನಂಗ ಹೊರಳ್ಯಾಡತಿರಬೇಕು.
ಹ್ವಾದ ಮಾಘದಾಗ ಹೆರಿಗಿ ಮುಗಿಸಿ ಬರೂ ಮುಂದ
ಮುಧೋಳ ರಸ್ತ್ಯಾಗ ಕತ್ತಲಾ ಗ್ವಾಡಿಯಾಗಿ ನಿಂತಿತ್ತು.
ಎರಡು ಟ್ರೇಲರ್ ಕಬ್ಬು. ಹಾಡು ಎಂಟೂರಿಗೆ ಕೇಳೂವಂಗ,
ಹಿಂದ ಕೆಂಪು ದೀಪ ಒಂದೂ ಇಲ್ಲ.
ಬ್ರೇಕಿನ ಮ್ಯಾಲ ನಿಂತೇ ಬಿಟ್ಟೆ.
ರವದಿ ಗಾಜು ಸವರಿತು, ಅಷ್ಟ.
ಒಂದು ಮೊಳ ಹೆಚ್ಚಾಗಿದ್ರ
ಅವನ ಟ್ರೇಲರಿಗೆ ತೆಳ್ಳನ ಹಾಳಿ,
ನನ್ನ ಬಾನೆಟ್ಟಿಗೆ ಯಾವ ಹಾಳೀನೂ ಇಲ್ಲ.

ಮುಂಜಾನೆ ಗ್ಯಾರೇಜಿಗೆ ಹ್ವಾದೆ.
ದಾವಲಸಾಬ ಗಾಡಿ ಕೆಳಗಿಂದ ಮುಖ ತಗೀಲಾರದ ಅಂದ:
"ನಾಳಿ ಇದು ಗುಜರಿಗೆ ಹೋತಂದ್ರ
ಕೈಯಿಂದ ಇನ್ನೊಂದು ತರ್ತೀರೇನು?
ತರ್ತೀರಿ ಅಂದ್ರ ಬಿಡ್ರಿ. ಆಗೂದಿಲ್ಲ ಅಂದ್ರ ಕಟ್ರಿ.
ಮೂರು ವರ್ಷ ಬಿಟ್ಟು ಮತ್ತ ಕೇಳ್ರಿ,
ಆವಾಗ ನಾ ಬ್ಯಾರೇ ಹೇಳ್ತೀನಿ."

ಭಿಸಿಯ ಪಾಸ್‌ಬುಕ್ ತಗದು ನೋಡಿದೆ.
ಎರಡು ಗಾಲಿಯಷ್ಟಿತ್ತು.
ಸಹಿ ಮಾಡಿದೆ, ನಾಕು ಸಾವಿರದ ಇನ್ನೂರು ಹೆಚ್ಚಿಗಿ ಕೊಟ್ಟು,
ಈ ವರ್ಷಕ್ಕಷ್ಟ ಅಂತ ಹುಚ್ಚೇಶಗ ಎರಡು ಸಲ ಹೇಳಿ.

ಬರೂ ಮುಂದ ಹಾರ್ಡ್‌ವೇರ್ ಅಂಗಡ್ಯಾಗ
ಕೆಂಪು ಮಿಂಚೂ ಪಟ್ಟಿ ಒಂದು ಸುರುಳಿ ತಗೊಂಡೆ.
ನೂರಾ ಎಂಬತ್ತು. ಇದಕ್ಕ ಸಣ್ಣಕ್ಷರ ಇರಲಿಲ್ಲ.

ಸಂಜಿಕೆ ಚಾದಂಗಡಿ ಮುಂದ ನಿಂತ ಟ್ರೇಲರಿಗೆ
ಧೂಳ ಒರಸಿ ಹಚ್ಚಾಕತ್ತಿದೆ.
ಡ್ರೈವರ್ ಹುಡುಗ ಓಡಿ ಬಂದ:
"ಏನ್ರೀ ಬಾಯಾರ, ಎಷ್ಟು ಕೊಡಬೇಕು ಇದಕ್ಕ?"
"ಏನೂ ಬ್ಯಾಡ. ನಿನ್ನ ಹೆಸರೇನೋ?"
ಹೇಳಿದ.
ಅವನ ಹಾಡಿನ ಗದ್ದಲದಾಗ ನನಗ ಕೇಳಲಿಲ್ಲ.

ಹಿಂದ ಹಿಂದ ಸಾವಕಾಶ ಬಂದೆ.
ನನ್ನ ದೀಪ ಬಿದ್ದಷ್ಟು ದೂರ
ಎರಡು ಕೆಂಪು ಗೆರಿ ಹೊಯ್ದಾಡಿಕೋತ ಹೊಂಟಿದ್ದವು.